ಮೂಗಿನ ಮೇಲಿನ ನಾಲ್ಕು ಮಿಲಿಮೀಟರ್

ಹತ್ತನೇ ತರಗತಿಯ ಮಕ್ಕಳಿಗೆ ಮಾನವನ ಕಣ್ಣಿನ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ, ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದೆ, ಬೈಫೋಕಲ್ ಮಸೂರದಿಂದ ಸರಿಪಡಿಸಬಹುದು. ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಪಾಠ ನನ್ನ ಮೂಗಿನ ಮೇಲೆಯೇ ಬಂದು ಕುಳಿತಾಗ ನನಗೆ ನಲವತ್ತೊಂಬತ್ತು.

ಪಿಯುಸಿ ಓದುವಾಗಿನಿಂದ ನನಗೆ ಸಮೀಪ ದೃಷ್ಟಿ. ಬಲಗಣ್ಣಿಗೆ ಮೈನಸ್ 2.00, ಎಡಗಣ್ಣಿಗೆ ಮೈನಸ್ 1.75, ಎರಡಕ್ಕೂ ಸ್ವಲ್ಪ ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್. ಇಂಥ ಕಣ್ಣಿನವರಿಗೆ ಚಾಳೀಸು ಬಂದರೂ ತಕ್ಷಣ ತಿಳಿಯುವುದಿಲ್ಲ, ಏಕೆಂದರೆ ಕನ್ನಡಕ ತೆಗೆದುಬಿಟ್ಟರೆ ಅಕ್ಷರ ಕಾಣುತ್ತದೆ. ಮೈನಸ್ 2.00 ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಅತಿ ದೂರದ ಜಾಗ 50 ಸೆಂಟಿಮೀಟರ್. ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧ ಮೀಟರ್, ಅಷ್ಟೇ ಲೆಕ್ಕ. ಪುಸ್ತಕ ಆ ಅರ್ಧ ಮೀಟರಿನೊಳಗೆ ಇರುತ್ತದೆ, ಆದ್ದರಿಂದ ಓದಬಹುದು. ಹಾಗಾಗಿ ಸುಮಾರು ಎರಡು ವರ್ಷ ಕನ್ನಡಕವನ್ನು ಹಣೆಗೆ ಏರಿಸುವುದು, ಮತ್ತೆ ಕಣ್ಣಿಗೆ ಇಳಿಸುವುದು, ಇದೇ ಅಭ್ಯಾಸವಾಗಿತ್ತು. ಪುಸ್ತಕ ನೋಡಲು ಮೇಲೆ, ಮಕ್ಕಳನ್ನು ನೋಡಲು ಕೆಳಗೆ.

ಒಂದು ಮಧ್ಯಾಹ್ನ ವಿದ್ಯುತ್ ಪಾಠದ ಲೆಕ್ಕವೊಂದನ್ನು ಪುಸ್ತಕದಿಂದ ಓದಿ ಬಿಡಿಸುತ್ತಿದ್ದೆ. ಕನ್ನಡಕ ಹಣೆಯ ಮೇಲಿತ್ತು. ಮುಂದಿನ ಸಾಲಿನ ಹುಡುಗ, ‘ಸರ್, ಹಿಂದುಗಡೆ ಕೈ ಎತ್ತಿದ್ದಾಳೆ’ ಎಂದ. ಕನ್ನಡಕ ಇಳಿಸಿ ನೋಡಿದರೆ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಆ ಮಗು ವರ್ಷದಲ್ಲಿ ಎರಡೋ ಮೂರೋ ಸಲ ಬಾಯಿ ಬಿಡುವ ಮಗು. ನನಗೆ ಕಾಣಲಿಲ್ಲ ಎನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಮೇಷ್ಟ್ರು ನೋಡಿಯೂ ಸುಮ್ಮನಿದ್ದಾರೆ ಎಂದುಕೊಂಡಿರಬಹುದು. ಅಂದು ಸಂಜೆಯೇ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಶನಿವಾರಕ್ಕೆ ಸಮಯ ಪಡೆದೆ.

ನೇರವಾಗಿ ಕನ್ನಡಕದ ಅಂಗಡಿಗೆ ಹೋಗದೆ ಮೊದಲು ಆಸ್ಪತ್ರೆಗೆ ಹೋದದ್ದು ಒಳ್ಳೆಯದಾಯಿತು. ನಲವತ್ತರ ನಂತರ ನಂಬರ್ ಒಂದನ್ನೇ ನೋಡಿದರೆ ಸಾಲದು. ಕಣ್ಣಿನ ಒತ್ತಡವನ್ನೂ ಅಕ್ಷಿಪಟಲವನ್ನೂ ನೋಡಿಸಬೇಕು. ಗ್ಲಾಕೋಮಾ ಬಹುಪಾಲು ನೋವಿಲ್ಲದೆ, ಸುಳಿವು ಕೊಡದೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತಾ ಬರುವ ರೋಗ. ನನಗೆ ಎಲ್ಲವೂ ಸರಿಯಿತ್ತು.

ನಂಬರ್ ತೆಗೆದ ಆಪ್ಟೋಮೆಟ್ರಿಸ್ಟ್ ಚಿಕ್ಕ ವಯಸ್ಸಿನವರು. ಓದುವ ಚಾರ್ಟನ್ನು ಕೈಗೆ ಕೊಡುವ ಮೊದಲು ಕೇಳಿದರು: ‘ಸರ್, ನೀವು ಪುಸ್ತಕವನ್ನು ಎಷ್ಟು ದೂರದಲ್ಲಿ ಹಿಡಿಯುತ್ತೀರಿ? ಕುಳಿತು ಓದುತ್ತೀರೋ, ನಿಂತೋ?’ ನಾನು ಎದ್ದು ನಿಂತು, ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದಂತೆ ತೋರಿಸಿದೆ. ಅವರು ಟೇಪಿನಲ್ಲಿ ಅಳೆದರು, 40 ಸೆಂಟಿಮೀಟರ್. ಅಷ್ಟು ಹತ್ತಿರ ನೋಡಲು ಕಣ್ಣಿಗೆ 2.5 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ; ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದ್ದು) ಹೆಚ್ಚುವರಿ ಶಕ್ತಿ ಬೇಕು. ನನ್ನ ಕಣ್ಣು ಆಯಾಸವಿಲ್ಲದೆ ಕೊಡಬಲ್ಲದ್ದು 0.75ರಷ್ಟು. ಉಳಿದ 1.75ನ್ನು ಕನ್ನಡಕ ಕೊಡಬೇಕು. ಚೀಟಿಯಲ್ಲಿ ‘ಆಡ್ +1.75’ ಎಂದು ಬರೆದಿರುವುದು ಇದೇ. ಮೈನಸ್ 2.00ಕ್ಕೆ ಪ್ಲಸ್ 1.75 ಸೇರಿಸಿದರೆ ಉಳಿಯುವುದು ಮೈನಸ್ 0.25. ಅಂದರೆ ನನ್ನ ಕನ್ನಡಕದ ಓದುವ ಭಾಗ, ಸಿಲಿಂಡರ್ ಬಿಟ್ಟರೆ, ಹೆಚ್ಚುಕಡಿಮೆ ಬರೀ ಗಾಜು! ಇಷ್ಟು ವರ್ಷ ಕನ್ನಡಕ ತೆಗೆದು ಓದುತ್ತಿದ್ದದ್ದಕ್ಕೂ ಇದಕ್ಕೂ ಲೆಕ್ಕ ಸರಿಹೊಂದಿದ್ದು ಕಂಡು ಬಹಳ ಖುಷಿಯಾಯಿತು.

ಇನ್ನು ಯಾವ ಲೆನ್ಸ್ ಎನ್ನುವ ಪ್ರಶ್ನೆ. ನಮ್ಮ ಅಮ್ಮನದು ಕೆಟಿ ಬೈಫೋಕಲ್. ಕೆಳಗೆ ದುಂಡನೆಯ ಬಿಲ್ಲೆ ಕೂತಿರುತ್ತದಲ್ಲ, ಅದು. ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರದು ಡಿ ಬೈಫೋಕಲ್, ಬಿಲ್ಲೆ ಇಂಗ್ಲಿಷಿನ D ಅಕ್ಷರದ ಆಕಾರದ್ದು. ಒಂದೇ ಫ್ರೇಮಿನಲ್ಲಿ ಎರಡು ಪವರ್ ಕೂರಿಸುವ ಈ ಉಪಾಯ ಬೆಂಜಮಿನ್ ಫ್ರ್ಯಾಂಕ್ಲಿನ್ ಕಾಲದ್ದು; 1785ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ತನ್ನ ಜೋಡಿ ಕನ್ನಡಕದ ಬಗ್ಗೆ ಸಂತೋಷದಿಂದ ಹೇಳಿಕೊಂಡಿದ್ದಾನೆ. ಬೈಫೋಕಲ್ ಅಗ್ಗ, ಗಟ್ಟಿಮುಟ್ಟು, ಓದುವ ಭಾಗವೂ ಅಗಲ. ಆದರೆ ಅದಕ್ಕೆ ಇರುವುದು ಎರಡೇ ದೂರ. ಗೆರೆ ದಾಟುವಾಗ ಚಿತ್ರ ಒಮ್ಮೆಲೇ ಜಿಗಿಯುತ್ತದೆ. ನನ್ನ ದಿನದ ಬಹುಭಾಗ ಕಳೆಯುವುದು ನಡುವಿನ ದೂರದಲ್ಲಿ: ಮೊದಲ ಬೆಂಚಿನ ಮಗುವಿನ ನೋಟ್ ಪುಸ್ತಕವನ್ನು ನಿಂತಲ್ಲಿಂದ ನೋಡುವುದು, ಪ್ರಯೋಗಾಲಯದ ಮೇಜಿನ ಮೇಲಿನ ಅಮ್ಮೀಟರಿನ ಮುಳ್ಳು ಓದುವುದು, ಹಲಗೆಯ ಮೇಲೆ ಬರೆಯುವುದು. ಆದ್ದರಿಂದ ಪವರ್ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬದಲಾಗುತ್ತಾ ಹೋಗುವ ಪ್ರೋಗ್ರೆಸ್ಸಿವ್ ಲೆನ್ಸೇ ಬೇಕೆಂದು ನಿರ್ಧರಿಸಿದೆ.

ಅಂಗಡಿಯಲ್ಲಿ ಬೆಲೆಯ ಪಟ್ಟಿಯೊಂದನ್ನು ಮುಂದಿಟ್ಟರು. ಕೆಳಗಿನದು 4,800 ರೂಪಾಯಿ, ನಡುವಿನದು 8,500, ಮೇಲಿನದು 22,000. ಹೆಚ್ಚು ಹಣ ಕೊಟ್ಟರೆ ಸ್ಪಷ್ಟ ಭಾಗ ಅಗಲವಾಗುತ್ತದೆ ಎಂದರು. ನಡುವಿನದನ್ನು ಆರಿಸಿದೆ. ನೀಲಿ ಬೆಳಕು ತಡೆಯುವ ಲೇಪಕ್ಕೆ 900 ರೂಪಾಯಿ ಹೆಚ್ಚು ಎಂದಾಗ ಬೇಡವೆಂದೆ. 2023ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಪರದೆ ನೋಡಿ ಆಗುವ ಕಣ್ಣಿನ ಆಯಾಸ ಆ ಲೇಪದಿಂದ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಪ್ರತಿಫಲನ ತಡೆಯುವ ಲೇಪವನ್ನು ಮಾತ್ರ ಹಾಕಿಸಿದೆ. ರಾತ್ರಿ ಎದುರಿನ ವಾಹನದ ದೀಪಕ್ಕೆ ಅದು ನಿಜವಾಗಿ ಉಪಯೋಗ. ಇನ್ನು ಅಳತೆ. ನಾನು ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲಿದ್ದ ಚಿಕ್ಕ ಕನ್ನಡಿಯಲ್ಲಿ ಹೊಸ ಫ್ರೇಮ್ ಹೇಗೆ ಕಾಣುತ್ತದೆ ಎಂದು ನೋಡಿಕೊಳ್ಳುತ್ತಿದ್ದೆ. ಹುಡುಗನೊಬ್ಬ ಬಂದು, ನನ್ನ ಪಾಪೆಗಳ ಎದುರಿಗೆ ಫ್ರೇಮಿನ ಗಾಜಿನ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಟ್ಟ, ಸ್ಕೇಲಿನಲ್ಲಿ ಎರಡು ಕಣ್ಣುಗಳ ನಡುವಿನ ದೂರ ಅಳೆದು 62.5 ಮಿಲಿಮೀಟರ್ ಎಂದು ಬರೆದುಕೊಂಡ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ವಾರದ ನಂತರ ಕನ್ನಡಕ ಬಂತು. ದೂರದ್ದು ಚೆನ್ನಾಗಿ ಕಂಡಿತು. ಓದಲು ಪುಸ್ತಕ ಹಿಡಿದರೆ ಅಕ್ಷರ ಮಂಜು. ಗಲ್ಲವನ್ನು ಮೇಲಕ್ಕೆತ್ತಿ, ಲೆನ್ಸಿನ ಕೆಳ ಅಂಚಿಗೆ ಕಣ್ಣು ತಂದರೆ ಮಾತ್ರ ತೆಳುವಾದ ಒಂದು ಪಟ್ಟಿಯಲ್ಲಿ ಅಕ್ಷರ ತಿಳಿಯಾಗುತ್ತಿತ್ತು. ‘ಅಭ್ಯಾಸವಾಗಬೇಕು ಸರ್, ಎಲ್ಲರಿಗೂ ಹೀಗೇ’ ಎಂದರು ಅಂಗಡಿಯವರು. ನಂಬಿದೆ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಉತ್ತರಪತ್ರಿಕೆಯ ಕಟ್ಟು ತಿದ್ದಿ ಮುಗಿಸುವಾಗ ಕತ್ತಿನ ಹಿಂಭಾಗ ಕಲ್ಲಾಗುತ್ತಿತ್ತು. ಇಪ್ಪತ್ತೊಂದನೆಯ ದಿನ ಹಳೆಯ ಕನ್ನಡಕವನ್ನೇ ಹಾಕಿಕೊಂಡು ಶಾಲೆಗೆ ಹೋದೆ. ನಮ್ಮ ಕಡೆ ಎಷ್ಟೋ ಮಂದಿ ‘ನನಗೆ ಪ್ರೋಗ್ರೆಸ್ಸಿವ್ ಆಗಿಬರಲಿಲ್ಲ’ ಎಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾರೆ. ನಾನೂ ಆ ಹಂತಕ್ಕೆ ಬಂದಿದ್ದೆ.

ಹೆಂಡತಿ ಒತ್ತಾಯ ಮಾಡಿದ್ದರಿಂದ ಮತ್ತೆ ಅದೇ ಆಪ್ಟೋಮೆಟ್ರಿಸ್ಟ್ ಬಳಿ ಹೋದೆ. ಅವರು ಕನ್ನಡಕವನ್ನು ಯಂತ್ರದಲ್ಲಿಟ್ಟು ನೋಡಿ, ‘ನಂಬರ್ ಸರಿಯಾಗಿದೆ. ಲೆನ್ಸ್ ಕೂತಿರುವ ಜಾಗ ನೋಡೋಣ’ ಎಂದರು. ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಹಿಂದೆ ಕಪ್ಪು ಬಟ್ಟೆಯೊಂದನ್ನು ಇಟ್ಟರು. ‘ಇಲ್ಲಿ ನೋಡಿ.’ ಮೊದಲು ಏನೂ ಕಾಣಲಿಲ್ಲ. ಅವರು ಕೈಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಗಾಜಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಒಂದು ವೃತ್ತ ಉಸಿರಿನ ಹಬೆಯಂತೆ ಮೂಡಿ ಮಾಯವಾಯಿತು. ಅದರಿಂದ ಸರಿಯಾಗಿ 34 ಮಿಲಿಮೀಟರ್ ಆಚೆ ಇನ್ನೊಂದು. ಕಿವಿಯ ಕಡೆಯ ವೃತ್ತದ ಕೆಳಗೆ ನನ್ನ ಆಡ್ ಸಂಖ್ಯೆ ಕೊರೆದಿತ್ತು. ಪ್ರೋಗ್ರೆಸ್ಸಿವ್ ಲೆನ್ಸ್‌ಗಳಲ್ಲಿ ಈ ಗುರುತುಗಳು ಇರುತ್ತವಂತೆ. ಹೊಸದಾಗಿ ಬಂದಾಗ ಅವುಗಳ ಜೊತೆ ಶಾಯಿಯ ಗುರುತುಗಳೂ ಇರುತ್ತವೆ, ಅವನ್ನು ಒರೆಸಿ ಕೊಡುತ್ತಾರೆ. ಕೊರೆದ ಗುರುತು ಮಾತ್ರ ಉಳಿಯುತ್ತದೆ.

ಎರಡು ವೃತ್ತಗಳ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು, ಗೆರೆ ಎಳೆದು, ಮಧ್ಯಬಿಂದು ಹಿಡಿದು, ಕಂಪನಿಯ ನಕ್ಷೆ ಹೇಳಿದಷ್ಟು ಎತ್ತರದಲ್ಲಿ ಕೂಡಿಸುವ ಚಿಹ್ನೆ ಬರೆದರು. ಇದಕ್ಕೆ ಫಿಟ್ಟಿಂಗ್ ಕ್ರಾಸ್ ಎನ್ನುತ್ತಾರೆ. ನೇರ ದೂರಕ್ಕೆ ನೋಡುವಾಗ ಪಾಪೆಯ ನಟ್ಟನಡುವೆ ಈ ಚಿಹ್ನೆ ಬರಬೇಕು. ಕನ್ನಡಕ ಹಾಕಿಸಿ, ನನ್ನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ ಅಳೆದರು. ಪಾಪೆ ಫ್ರೇಮಿನ ಕೆಳ ಅಂಚಿನಿಂದ 20 ಮಿಲಿಮೀಟರ್ ಎತ್ತರದಲ್ಲಿತ್ತು. ಚಿಹ್ನೆ ಇದ್ದದ್ದು 16ರಲ್ಲಿ. ಈ ಲೆನ್ಸಿನ ಓದುವ ಭಾಗ ಪೂರ್ತಿ ಸಿಗಬೇಕಾದರೆ ಚಿಹ್ನೆಯಿಂದ ಕೆಳಗೆ ಕನಿಷ್ಠ 18 ಮಿಲಿಮೀಟರ್ ಬೇಕು. ನಾಲ್ಕು ಮಿಲಿಮೀಟರ್ ಕೆಳಗೆ ಕೂತದ್ದರಿಂದ ನನ್ನ ಓದುವ ಭಾಗದ ಒಂದಿಷ್ಟು ಅಂಗಡಿಯಲ್ಲಿ ಗಾಜು ಉಜ್ಜಿದ ಪುಡಿಯ ಜೊತೆ ಹೋಗಿತ್ತು. ಉಳಿದದ್ದನ್ನು ಗಲ್ಲ ಎತ್ತಿ ಹುಡುಕಬೇಕಿತ್ತು. ಅಳತೆಯ ಹೊತ್ತಿನಲ್ಲಿ ನಾನು ಮೇಜಿನ ಕನ್ನಡಿ ನೋಡುತ್ತಿದ್ದೆನಲ್ಲ, ಕಣ್ಣು ಕೆಳಗಿತ್ತು. ಚುಕ್ಕೆಯೂ ಕೆಳಗೆ ಬಿತ್ತು.

ಗಲ್ಲ ಎತ್ತಿದರೆ ಮಾತ್ರ ಓದಲು ಬಂದರೆ ಲೆನ್ಸ್ ಕೆಳಗೆ ಕೂತಿದೆ ಎಂದರ್ಥ, ದೂರ ನೋಡಲು ಗಲ್ಲ ತಗ್ಗಿಸಬೇಕಾದರೆ ಮೇಲೆ ಕೂತಿದೆ ಎಂದರ್ಥ ಎಂದು ಅವರು ಹೇಳಿಕೊಟ್ಟರು. ಇಷ್ಟು ಸರಳವಾದ ಮಾತು ಕನ್ನಡಕ ಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಜನ ತಮ್ಮ ಕಣ್ಣನ್ನೇ ದೂರುತ್ತಾರೆ.

ಪ್ರೋಗ್ರೆಸ್ಸಿವ್ ಲೆನ್ಸಿನ ಬದಿಗಳಲ್ಲಿ ಏಕೆ ಮಸುಕು ಎನ್ನುವುದನ್ನೂ ಅಂದೇ ಕೇಳಿದೆ, ಏಕೆಂದರೆ ಅದು ನನ್ನನ್ನು ಬಿಡದೆ ಕಾಡುತ್ತಿತ್ತು. ಅವರು ಬಣ್ಣದ ನಕ್ಷೆಯೊಂದನ್ನು ತೋರಿಸಿದರು. ಮೇಲೆ ಅಗಲವಾದ ಬಯಲು, ನಡುವೆ ಕಿರಿದಾದ ಓಣಿ, ಕೆಳಗೆ ಚಿಕ್ಕ ಅಂಗಳ, ಓಣಿಯ ಎರಡೂ ಬದಿಗೆ ಮಸುಕಿನ ರೆಕ್ಕೆಗಳು. ಬೈಫೋಕಲ್ ಎಂದರೆ ಮೆಟ್ಟಿಲು. ಮೆಟ್ಟಿಲು ಬೇಡವೆಂದರೆ ಇಳಿಜಾರು ಬೇಕು. ಘಟ್ಟದ ರಸ್ತೆಯ ಹಾಗೆ, ಇಳಿಜಾರಿನ ಖರ್ಚು ಬದಿಗಳಲ್ಲಿ ಬೀಳುತ್ತದೆ. 1963ರಲ್ಲಿ ಮಿಂಕ್‌ವಿಟ್ಸ್ ಎಂಬುವರು ಇದನ್ನು ಗಣಿತದಿಂದಲೇ ತೋರಿಸಿದ್ದಾರೆ: ನಡುಗೆರೆಯ ಉದ್ದಕ್ಕೆ ಪವರ್ ಎಷ್ಟು ವೇಗವಾಗಿ ಏರುತ್ತದೋ ಅದರ ಎರಡರಷ್ಟು ವೇಗದಲ್ಲಿ ಬದಿಗೆ ಬೇಡದ ಸಿಲಿಂಡರ್ ಏರುತ್ತದೆ. ಮಸುಕು ಬರುವುದು ಅದರಿಂದಲೇ.

ಮನೆಗೆ ಬರುವ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ನನ್ನ ಆಡ್ 1.75. ಓಣಿ 14 ಮಿಲಿಮೀಟರ್ ಉದ್ದವಿದ್ದರೆ ಪ್ರತಿ ಮಿಲಿಮೀಟರಿಗೆ 0.125 ಏರಿಕೆ, ಬದಿಗೆ ಅದರ ಎರಡರಷ್ಟು, 0.25. ಅರ್ಧ ಡಯಾಪ್ಟರ್‌ವರೆಗಿನ ಮಸುಕನ್ನು ಕಣ್ಣು ಸಹಿಸುತ್ತದೆ ಎಂದುಕೊಂಡರೆ ನಡುಗೆರೆಯಿಂದ ಆ ಕಡೆ ಎರಡು, ಈ ಕಡೆ ಎರಡು, ಒಟ್ಟು ನಾಲ್ಕು ಮಿಲಿಮೀಟರ್ ಅಗಲ. ಓಣಿಯನ್ನು 18ಕ್ಕೆ ಉದ್ದ ಮಾಡಿದರೆ ಅಗಲ ಐದನ್ನು ದಾಟುತ್ತದೆ, ಆದರೆ ಓದಲು ಕಣ್ಣನ್ನು ಇನ್ನೂ ಕೆಳಗಿಳಿಸಬೇಕು, ಫ್ರೇಮೂ ಎತ್ತರವಿರಬೇಕು. ಆಡ್ 2.50 ಆದವರಿಗೆ ಓಣಿ ಇನ್ನೂ ಕಿರಿದು. ಚಾಳೀಸಿನ ಆರಂಭದಲ್ಲೇ ಪ್ರೋಗ್ರೆಸ್ಸಿವ್‌ಗೆ ಬಂದವರು ಸುಲಭವಾಗಿ ಹೊಂದಿಕೊಳ್ಳುವುದು, ಅರವತ್ತಕ್ಕೆ ಬಂದವರು ಕಷ್ಟಪಡುವುದು ಏಕೆಂದು ಈ ಲೆಕ್ಕದಲ್ಲಿ ಸಿಕ್ಕಿತು. ಬರ್ನಾರ್ಡ್ ಮೈತ್ನಾಜ್ ರೂಪಿಸಿದ ಲೆನ್ಸ್ 1959ರಲ್ಲಿ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ವಿನ್ಯಾಸಕಾರರು ಈ ಮಸುಕನ್ನು ಎಲ್ಲಿ ಹರಡಬೇಕು ಎಂದು ಹೆಣಗುತ್ತಾ ಬಂದಿದ್ದಾರೆ. ಹೆಚ್ಚು ಬೆಲೆಯ ಲೆನ್ಸ್ ಅದನ್ನು ಜಾಣತನದಿಂದ ಹರಡುತ್ತದೆ, ಇಲ್ಲವಾಗಿಸುವುದಿಲ್ಲ. ನಾಲ್ಕು ಮಿಲಿಮೀಟರ್ ಅಗಲದ ಓಣಿಯ ಮುಂದೆ ಕಣ್ಣು ನಾಲ್ಕು ಮಿಲಿಮೀಟರ್ ತಪ್ಪಿ ನಿಂತರೆ 22,000 ರೂಪಾಯಿಯ ಲೆನ್ಸ್ ಕೂಡ ಏನು ಮಾಡೀತು?

ಪೆನ್ನಿನ ಗುರುತುಗಳನ್ನು ಒರೆಸದೆ ಅಂಗಡಿಗೆ ಒಯ್ದೆ. ಹೊಂದದಿದ್ದರೆ ಇಂತಿಷ್ಟು ದಿನಗಳೊಳಗೆ ಬದಲಿಸಿಕೊಡುವ ವ್ಯವಸ್ಥೆ ಲೆನ್ಸ್ ಕಂಪನಿಗಳಲ್ಲಿ ಹಲವಕ್ಕೆ ಇದೆ. ಕೊಳ್ಳುವಾಗ ಅದನ್ನು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಾಲೀಕರು ಮೊದಲು ಅಭ್ಯಾಸದ ಮಾತನ್ನೇ ಆಡಿದರು. ಚುಕ್ಕೆಗಳನ್ನು ತೋರಿಸಿದ ಮೇಲೆ ಒಳಗಿನಿಂದ ಹಿರಿಯರೊಬ್ಬರನ್ನು ಕರೆದರು. ಲೆನ್ಸ್ ಕೂರಿಸುವುದರಲ್ಲೇ ಜೀವನ ಕಳೆದವರು. ಅವರು ಚುಕ್ಕೆ ಇಡುವ ಮೊದಲು ಹತ್ತು ನಿಮಿಷ ಫ್ರೇಮನ್ನೇ ನೋಡಿದರು. ಕಡ್ಡಿಗಳನ್ನು ಬಿಸಿಮಾಡಿ ಕಿವಿಯ ಹಿಂದೆ ಸರಿಯಾಗಿ ಬಗ್ಗಿಸಿದರು, ಮೂಗಿನ ಮೇಲೆ ಜಾರದಂತೆ ಪ್ಯಾಡ್ ಒತ್ತಿದರು, ಕೆಳ ಅಂಚು ಕೆನ್ನೆಯ ಕಡೆಗೆ ತುಸು ಬಾಗುವಂತೆ ಮಾಡಿದರು. ಆಮೇಲೆ ನನ್ನನ್ನು ನಿಲ್ಲಿಸಿ, ‘ಮೇಷ್ಟ್ರೇ, ಪಾಠ ಮಾಡುವಾಗ ಹೇಗೆ ನಿಲ್ಲುತ್ತೀರೋ ಹಾಗೇ ನಿಲ್ಲಿ. ಎದುರು ಗೋಡೆಯ ಕ್ಯಾಲೆಂಡರ್ ನೋಡಿ’ ಎಂದರು. ತಾವು ನನ್ನ ಕಣ್ಣಿನ ಮಟ್ಟಕ್ಕೆ ಬಂದು ಚುಕ್ಕೆ ಇಟ್ಟರು. ತೆಗೆದು ಮತ್ತೆ ಹಾಕಿಸಿ ಪರೀಕ್ಷಿಸಿದರು. ಎತ್ತರ 20. ಕಣ್ಣುಗಳ ದೂರವನ್ನು ಮೂಗಿನ ನಡುವಿನಿಂದ ಬೇರೆಬೇರೆಯಾಗಿ ಅಳೆದರು: ಬಲಕ್ಕೆ 32, ಎಡಕ್ಕೆ 30.5. ಮೊದಲ ಸಲ 62.5ನ್ನು ಸಮಭಾಗ ಮಾಡಿದ್ದರು. ಮನುಷ್ಯನ ಮುಖದ ಎರಡು ಪಕ್ಕಗಳು ಒಂದೇ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ.

ಅದೇ ಫ್ರೇಮ್, ಅದೇ ನಂಬರ್, ಅದೇ ಕಂಪನಿಯ ಅದೇ ಬೆಲೆಯ ಲೆನ್ಸ್ ಒಂಬತ್ತು ದಿನಗಳಲ್ಲಿ ಮತ್ತೆ ಬಂತು. ಹಾಕಿಕೊಂಡು, ಅಂಗಡಿಯ ಮೇಜಿನ ಮೇಲಿದ್ದ ದಿನಪತ್ರಿಕೆಯ ಮೇಲೆ ಕಣ್ಣಿಳಿಸಿದೆ. ಗಲ್ಲ ಎತ್ತಲಿಲ್ಲ. ಸಣ್ಣ ಜಾಹೀರಾತಿನ ಅಕ್ಷರಗಳು, ಒತ್ತಕ್ಷರಗಳ ಸಮೇತ, ಸುಮ್ಮನೆ ಅಲ್ಲಿದ್ದವು. ಹಿರಿಯರ ಎರಡೂ ಕೈ ಹಿಡಿದುಕೊಂಡೆ.

ಅಭ್ಯಾಸ ಮಾಡಿಕೊಳ್ಳಬೇಕಾದದ್ದು ನಿಜವಾಗಿಯೂ ಇತ್ತು, ಆದರೆ ಅದು ಬೇರೆ ಬಗೆಯದು. ಮೊದಲ ಮೂರು ದಿನ ತಲೆ ತಿರುಗಿಸಿದಾಗ ಬಾಗಿಲ ಚೌಕಟ್ಟು ಅಲೆಯಂತೆ ಓಲಾಡುತ್ತಿತ್ತು. ಪಕ್ಕಕ್ಕೆ ನೋಡಬೇಕಾದರೆ ಕಣ್ಣನ್ನಲ್ಲ, ಮೂಗನ್ನು ಅತ್ತ ತಿರುಗಿಸಬೇಕು. ಓದಲು ತಲೆಯನ್ನಲ್ಲ, ಕಣ್ಣನ್ನು ಇಳಿಸಬೇಕು. ಮೆಟ್ಟಿಲು ಇಳಿಯುವಾಗ ಮಾತ್ರ ಇದು ತಿರುವುಮುರುವು: ತಲೆ ಬಗ್ಗಿಸಿ, ಮೇಲಿನ ಭಾಗದಿಂದ ಮೆಟ್ಟಿಲನ್ನು ನೋಡಬೇಕು. ಬೈಕಿನ ಕನ್ನಡಿ ನೋಡುವಾಗಲೂ ತಲೆ ತಿರುಗಬೇಕು. ಅದು ಕೈಗೂಡುವವರೆಗೆ ನಾನು ಬಸ್ಸಿನಲ್ಲೇ ಓಡಾಡಿದೆ. ಹಳೆಯ ಕನ್ನಡಕವನ್ನು ಹೆಂಡತಿ ತೆಗೆದಿಟ್ಟಿದ್ದಳು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಹೊಸದನ್ನೇ ಹಾಕಿದ್ದರಿಂದ ಎಂಟನೆಯ ದಿನಕ್ಕೆ ಅಲೆ ನಿಂತಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿ ಈ ಕತೆ ಕೇಳಿ ತನಗೂ ಇದೇ ಸಾಕೇ ಎಂದಳು. ದಿನಕ್ಕೆ ಎಂಟು ಗಂಟೆ ಎರಡು ದೊಡ್ಡ ಪರದೆಗಳ ಮುಂದೆ ಕೂರುವವಳಿಗೆ ಸಾಲದು ಎಂದೇ ನನ್ನ ಅಭಿಪ್ರಾಯ. ಪರದೆ 65 ಸೆಂಟಿಮೀಟರ್ ದೂರದಲ್ಲಿ, ಕಣ್ಣಿನ ಮಟ್ಟದಲ್ಲಿ ಇರುತ್ತದೆ. ಪ್ರೋಗ್ರೆಸ್ಸಿವ್‌ನ ಅತಿ ಕಿರಿದಾದ ಭಾಗವೇ ಆ ದೂರದ್ದು. ಅವಳು ಕಚೇರಿಯ ದೂರಗಳಿಗೆಂದೇ ಮಾಡುವ ಲೆನ್ಸ್ ಹಾಕಿಸಿಕೊಂಡಳು. ಅದನ್ನು ಹಾಕಿ ವಾಹನ ಓಡಿಸುವಂತಿಲ್ಲ.

ಅಮ್ಮನಿಗೂ ಪ್ರೋಗ್ರೆಸ್ಸಿವ್ ಮಾಡಿಸಬೇಕೆಂದು ಆಸೆಯಾಯಿತು. ವೈದ್ಯರು ಬೇಡವೆಂದರು. ವಯಸ್ಸು ಎಪ್ಪತ್ತಾರು, ಹಿತ್ತಿಲಿಗೆ ನಾಲ್ಕು ಕಲ್ಲು ಮೆಟ್ಟಿಲು, ದಿನಕ್ಕೆ ಹತ್ತು ಸಲ ಇಳಿದು ಹತ್ತುವವರು. ಬೈಫೋಕಲ್ ಆಗಲಿ ಪ್ರೋಗ್ರೆಸ್ಸಿವ್ ಆಗಲಿ, ಕೆಳಗಿನ ಓದುವ ಭಾಗದಿಂದ ನೆಲ ನೋಡಿದರೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಇಂಥ ಕನ್ನಡಕ ಹಾಕುವ ವೃದ್ಧರಿಗೆ ಹೊರಗಿನ ಓಡಾಟಕ್ಕೆಂದು ದೂರದ್ದೊಂದೇ ಪವರಿನ ಕನ್ನಡಕ ಕೊಟ್ಟು ಆಸ್ಟ್ರೇಲಿಯಾದಲ್ಲಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿದೆ. ಹೆಚ್ಚು ಓಡಾಡುವವರಲ್ಲಿ ಬೀಳುವುದು ಕಡಿಮೆಯಾಗಿತ್ತು. ಅಮ್ಮನಿಗೆ ಓಡಾಡಲು ಅಂಥದೊಂದು ಮಾಡಿಸಿದೆವು. ಹೂ ಕಟ್ಟುವಾಗ, ಅಕ್ಕಿ ಆರಿಸುವಾಗ ಕೆಟಿ ಹಾಕಿಕೊಳ್ಳುತ್ತಾರೆ. ಎರಡಕ್ಕೂ ಬೇರೆ ಬಣ್ಣದ ದಾರ ಕಟ್ಟಿದ್ದೇನೆ.

ಮೊದಲ ಜೋಡಿ ಲೆನ್ಸ್‌ಗಳನ್ನು ಅಂಗಡಿಯಿಂದ ಕೇಳಿ ತಂದಿದ್ದೆ. ಈ ವರ್ಷ ಕಣ್ಣಿನ ಪಾಠದ ದಿನ ಅವನ್ನೂ ಒಂದು ಕಪ್ಪು ಬಟ್ಟೆಯನ್ನೂ ತರಗತಿಗೆ ಒಯ್ದೆ. ಗುಂಪು ಗುಂಪಾಗಿ ಕಿಟಕಿಯ ಬಳಿ ನಿಂತು ಮಕ್ಕಳು ಗಾಜನ್ನು ಓರೆಯಾಗಿ ಹಿಡಿದು ವೃತ್ತ ಹುಡುಕಿದರು. ಕೆಲವರಿಗೆ ಒಂದು ಸಿಕ್ಕಿತು, ಎರಡನೆಯದು ಯಾರಿಗೂ ಸಿಗಲಿಲ್ಲ. ನಾನು ಹಲಗೆಯ ಬಳಿ ನಿಂತು ಪುಸ್ತಕದ ಮುಂದಿನ ಚಿತ್ರವನ್ನು ನೋಡುತ್ತಿದ್ದೆ. ಕಣ್ಣೆತ್ತಿದಾಗ ಕೊನೆಯ ಕಿಟಕಿಯ ಪಕ್ಕ ಚಿಕ್ಕ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಲೆನ್ಸ್ ಹಿಡಿದು, ಇನ್ನೊಂದು ಕೈಯನ್ನು ಅರ್ಧಕ್ಕೆ ಎತ್ತಿದ್ದಳು. ಸ್ಕೇಲ್ ತೆಗೆದುಕೊಂಡು ಅವಳ ಬಳಿ ಹೋದೆ. ಅಳೆದು ನೋಡಿದಳು. ಸರಿಯಾಗಿ 34.